ಬಳ್ಳಿಗೆ ಎಲುಬು ಹಾಕಿದವಳು

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ದ್ರಾಕ್ಷಿ ಬಳ್ಳಿಯ ಬೇಡದ ಚಿಗುರನ್ನು ಕತ್ತರಿ ಮುಟ್ಟದೆ ಆ ಉಗುರಿನಿಂದಲೇ ಚಿವುಟಿ ಚಿವುಟಿ ಅದು ಕರ್ರಗಾಗಿ, ಎಮ್ಮೆಯ ಕೊಂಬಿನ ಹಾಗೆ ದಪ್ಪವಾಗಿತ್ತು. ಸಿಟ್ಟು ಬಂದಾಗ ಅತ್ತೆ ಮೊದಲು ದನಿ ಎತ್ತುತ್ತಿರಲಿಲ್ಲ. ಹೆಬ್ಬೆರಳಿನ ಉಗುರನ್ನು ತೋರುಬೆರಳಿನ ಉಗುರಿಗೆ ತಾಗಿಸಿ ಟಿಕ್ ಟಿಕ್ ಎಂದು ಸಪ್ಪಳ ಮಾಡುತ್ತಿದ್ದಳು. ಆ ಸಪ್ಪಳ ಕೇಳಿದರೆ ಮನೆಯ ಬೆಕ್ಕು ಕೂಡ ಅಟ್ಟ ಹತ್ತುತ್ತಿತ್ತು.

ಅವಳು ತೀರಿಕೊಂಡಾಗ ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಆಡಿದರು. "ಬಾಯಿ ಜೋರಿತ್ತು, ಮನಸು ಮಾತ್ರ ಬೆಣ್ಣಿ" ಎಂದರು. ಸುಳ್ಳು. ಅತ್ತೆಯ ಮನಸ್ಸೂ ಅವಳ ಬಾಯಿಯಷ್ಟೇ ಜೋರಾಗಿತ್ತು. ಅವಳ ಸಿಟ್ಟನ್ನು ಬೆಣ್ಣೆ ಮಾಡಿಬಿಟ್ಟರೆ ಆ ಸಿಟ್ಟಿಗೆ ಕಾರಣರಾದವರಿಗೆ ಅನುಕೂಲ, ಅಷ್ಟೇ. ಆ ಕಾರಣವನ್ನು ಬರೆಯಲಿಕ್ಕೇ ನಾನು ಕುಳಿತಿದ್ದೇನೆ. ಬರೆಯುವಾಗ ನನಗೂ ಸಿಟ್ಟು ಬರುತ್ತದೆ. ಬರಲಿ, ಈ ವಯಸ್ಸಿನಲ್ಲಿ ನನ್ನನ್ನು ಯಾರು ಕೇಳಬೇಕು.

ಕಪ್ಪತಗುಡ್ಡದ ಇಳಿಜಾರಿನಲ್ಲಿ, ಡೋಣಿ ಊರಿನ ಮೇಲ್ಭಾಗಕ್ಕೆ, ಒಂದು ಸಣ್ಣ ದ್ರಾಕ್ಷಿ ತೋಟವಿತ್ತು. ಈಗ ಅಲ್ಲಿಗೆ ಹೋದರೆ ಒಂದು ಹಾಳು ಬಾವಿ ಕಾಣುತ್ತದೆ, ಬಳ್ಳಿಗೆ ಆಸರೆಯೆಂದು ನೆಟ್ಟಿದ್ದ ಹಾಲವಾಣದ ಕೆಲವು ಮರ ಕಾಣುತ್ತವೆ. ಆಗ ಮಂದಿ ಅದನ್ನು 'ಗೆಳೆಯರ ತೋಟ' ಎಂದು ಕರೆಯುತ್ತಿದ್ದರು. ನಾಲ್ವರು ಗೆಳೆಯರು ಕೂಡಿ ಮಾಡಿದ ತೋಟ ಅದು. ಒಬ್ಬರು ನನ್ನ ಅಪ್ಪ, ಗದಗಿನಲ್ಲಿ ವಕೀಲರು. ಇನ್ನೊಬ್ಬರು ಗದಗಿನಲ್ಲೇ ಹತ್ತಿ ವ್ಯಾಪಾರ ಮಾಡುತ್ತಿದ್ದ ಸಾಹುಕಾರರು. ಮೂರನೆಯವರು ಬೆಟಗೇರಿಯ ಶಾಲೆಯ ಮಾಸ್ತರರು. ನಾಲ್ಕನೆಯವರು ಅತ್ತೆಯ ಗಂಡ, ನನ್ನ ಮಾವ. ಗುಡ್ಡದ ಆ ಕಲ್ಲು ಹೊಲ ಮಾವನ ಹಿರಿಯರದು.

ನಲವತ್ತೆರಡರ ಚಳವಳಿಯಲ್ಲಿ ಈ ನಾಲ್ವರನ್ನೂ ನಾಸಿಕದ ಜೈಲಿಗೆ ಹಾಕಿದ್ದರು. ನಾಲ್ವರಲ್ಲಿ ಮೂರು ಜಾತಿ. ಜೈಲಿನಲ್ಲಿ ಜಾತಿಗೊಂದು ಪಂಕ್ತಿ ಕೂರುವುದು ಕಂಡು ಇವರಿಗೆ ಅಸಹ್ಯವಾಯಿತಂತೆ. ಒಂದೇ ತಗಡಿನ ತಾಟಿನಲ್ಲಿ ನಾಲ್ವರೂ ಕೈ ಹಾಕಿ ಉಂಡರಂತೆ, ಬಿಡುಗಡೆಯಾಗುವ ತನಕ ಹಾಗೆಯೇ ಉಂಡರಂತೆ. ಈ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದಾರೆಂದರೆ, ನಮ್ಮ ಮನೆಗೆ ಹಾಲು ಹಾಕುವವಳಿಗೂ ಬಾಯಿಪಾಠವಾಗಿತ್ತು. ಹೊರಬಂದ ದಿನ ಅಲ್ಲಿಯ ಒಂದು ತೋಟದಲ್ಲಿ ದ್ರಾಕ್ಷಿ ತಿಂದರು, ನಮ್ಮ ಗುಡ್ಡದಲ್ಲೂ ಇದನ್ನು ಬೆಳೆಯೋಣ ಎಂದುಕೊಂಡರು. ಮಾವ ಆ ತೋಟದಿಂದಲೇ ಬಳ್ಳಿಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ತಂದರು.

ತೋಟಕ್ಕೆ ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ವರ್ಷದ ಮೊದಲ ಗೊಂಚಲನ್ನು, ಜೈಲಿನಿಂದ ಜೊತೆಗೆ ತಂದಿದ್ದ ಅದೇ ತಗಡಿನ ತಾಟಿನಲ್ಲಿಟ್ಟು ನಾಲ್ವರೂ ಕೂಡಿ ತಿನ್ನಬೇಕು. ಅದಾಗುವ ತನಕ ಒಂದು ಹಣ್ಣೂ ಬೇಲಿ ದಾಟಬಾರದು. ಇದನ್ನು ಕಾಗದದ ಮೇಲೆ ಬರೆಯೋಣವೇ ಎಂದು ಸಾಹುಕಾರರು ಕೇಳಿದ್ದರಂತೆ. ವಕೀಲರಾದ ಅಪ್ಪನೇ ಬೇಡವೆಂದರು. ಗೆಳೆಯರ ಮಾತಿಗೆ ಕಾಗದ ಯಾಕೆ ಎಂದರು.

ಬಳ್ಳಿ ಹಂದರಕ್ಕೆ ಹಬ್ಬುವ ಮೊದಲೇ, ಸ್ವಾತಂತ್ರ್ಯ ಬಂದ ವರ್ಷ, ಮಾವ ವಿಷಮಜ್ವರದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಅತ್ತೆಯನ್ನು ತವರಿಗೆ, ಲಕ್ಷ್ಮೇಶ್ವರಕ್ಕೆ, ಕರೆದೊಯ್ಯಲು ಅಪ್ಪ ಬಂಡಿ ಕಟ್ಟಿಸಿಕೊಂಡು ಹೋದರು. ಅತ್ತೆ ಆ ಬಂಡಿಯಲ್ಲಿ ಗೊಬ್ಬರ ಹೇರಿಸಿ ತೋಟಕ್ಕೆ ಹೊಡೆಸಿದಳು. ಅಪ್ಪ ಡೋಣಿಯಿಂದ ಮುಂಡರಗಿಯ ತನಕ ನಡೆದು ಬಂದು ಬಸ್ಸು ಹಿಡಿದರು. ಅಕ್ಕನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು, ಅಕ್ಕ ತಮ್ಮನ ಮಾತು ಕೇಳುವ ತನಕದ ಪ್ರೀತಿ.

ಮೊದಲ ಹಣ್ಣು ಬಂದಾಗ ತಾಟಿನ ಸುತ್ತ ಮೂವರು ಗಂಡಸರು ಕುಳಿತರು. ಮಾವನ ಜಾಗ ಖಾಲಿ ಬಿಟ್ಟು ಅಲ್ಲೊಂದು ಹೂವು ಇಟ್ಟರು. ಅತ್ತೆ ಬಂದವಳೇ ಹೂವನ್ನು ಎತ್ತಿ ಬಳ್ಳಿಗೆ ಸಿಕ್ಕಿಸಿ ಆ ಜಾಗದಲ್ಲಿ ಚಕ್ಕಂಬಕ್ಕಲ ಹಾಕಿ ಕುಳಿತಳು. ಮಾಸ್ತರರು ಮುಜುಗರದಿಂದ ಹಿಂದೆ ಸರಿದರಂತೆ.

"ಯಾಕ್ರಿ ಮಾಸ್ತರ, ಜೈಲಿನಾಗ ಜಾತಿ ಬಿಟ್ಟು ಬಂದೇವಿ ಅಂತೀರಿ. ತ್ವಾಟದಾಗ ಹೆಣಮಗಳ ಕೂಡ ಒಂದ ದ್ರಾಕ್ಷಿ ತಿನ್ನಾಕ ಆಗಂಗಿಲ್ಲೇನು?" ಎಂದಳು. ತಿಂದರು. ಹಣ್ಣು ಹುಣಸೆಕಾಯಿಯಂತೆ ಹುಳಿಯಾಗಿತ್ತು. ನಾಲ್ವರೂ ಮುಖ ಕಿವುಚಿ, ಬಾಳ ಚಲೋ ಅದಾವ ಎಂದರು.

ಮುಂದೆ ಹಲವು ವರ್ಷ ಅದೇ ಹುಳಿ. ಕಾಳು ಹೆಸರುಕಾಳಿಗಿಂತ ತುಸು ದಪ್ಪ. ವರ್ಷಕ್ಕೆ ಎರಡು ಸಲ ಬಳ್ಳಿಯ ಚಾಟಣಿ ಆಗಬೇಕು, ಎಂದರೆ ಹಳೆಯ ಕಡ್ಡಿಗಳನ್ನು ಕತ್ತರಿಸಿ ಹೊಸ ಚಿಗುರಿಗೆ ದಾರಿ ಮಾಡಬೇಕು. ಅದನ್ನೆಲ್ಲ ಅತ್ತೆ ಆಳುಗಳ ಜೊತೆ ನಿಂತು ಮಾಡಿಸುತ್ತಿದ್ದಳು. ಗೆಳೆಯರು ಚಾಟಣಿಗೆ ಬರುತ್ತಿರಲಿಲ್ಲ, ಸಭೆಗಳಿಗೆ ಹೋಗುತ್ತಿದ್ದರು. ಏಕೀಕರಣದ ಕಾವು ಏರಿದ್ದ ಕಾಲ. ನಮ್ಮ ಸೀಮೆಯೇ ಚಿಂದಿಯಾಗಿತ್ತು. ಅತ್ತೆಯ ತವರು ಲಕ್ಷ್ಮೇಶ್ವರ ಮಿರಜದ ಸಂಸ್ಥಾನಿಕರದು, ಅಲ್ಲಿಂದ ಶಿರಹಟ್ಟಿಗೆ ಬಂದರೆ ಸಾಂಗಲಿಯವರದು, ಗುಡ್ಡ ಬಳಸಿ ಡೋಣಿಗೆ ಬಂದರೆ ಮುಂಬೈ ಸರಕಾರದ್ದು, ಇನ್ನಷ್ಟು ಮೂಡಲಿಗೆ ನಡೆದರೆ ನಿಜಾಮರದು. ಸಂಸ್ಥಾನಗಳು ಹೋದ ಮೇಲೂ ಕನ್ನಡ ಮಾತಾಡುವ ಮಂದಿ ಬೇರೆ ಬೇರೆ ರಾಜ್ಯಗಳಲ್ಲೇ ಉಳಿದಿದ್ದರು. ಅದು ಒಂದಾಗಬೇಕೆಂದು ಅಪ್ಪ ಊರೂರು ತಿರುಗಿದ್ದು ಖರೆ. ಅದಕ್ಕೆ ಅವರನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಆದರೆ ತೋಟದ ಹುಳಿಗೂ ಅವರು ಅದೇ ಔಷಧ ಹೇಳುತ್ತಿದ್ದರು.

"ನಾಡು ಒಂದಾಗ್ಲಿ ಅಕ್ಕಾ. ನಮ್ಮ ಸರಕಾರ ಬಂತಂದ್ರ ಗೊಬ್ಬರ ಬರತೈತಿ, ಎಲ್ಲಾ ಬರತೈತಿ."

"ಅಲ್ಲಿತನಕ ಬಳ್ಳಿಗೆ ನಿನ್ನ ಭಾಷಣಾ ಉಣಸ್ಲೇನು?" ಎಂದು ಅತ್ತೆ ಕೇಳುತ್ತಿದ್ದಳು.

ಬಳ್ಳಿಗೆ ಏನು ಬೇಕೆಂದು ನಾಲ್ವರಿಗೂ ಮೊದಲ ದಿನದಿಂದ ಗೊತ್ತಿತ್ತು. ಇದೇ ನನಗೆ ಸಿಟ್ಟು. ಕಡ್ಡಿ ಕೊಟ್ಟ ನಾಸಿಕದ ರೈತ ಬಿಡಿಸಿ ಹೇಳಿದ್ದ, ಕಲ್ಲು ಭೂಮಿಯಾದರೆ ಬುಡಕ್ಕೆ ಒಣಮೀನು ಹಾಕಿ, ಇಲ್ಲವೇ ಎಲುಬಿನ ಪುಡಿ ಹಾಕಿ, ಇಲ್ಲದಿದ್ದರೆ ಹಣ್ಣು ಸಿಹಿಯಾಗುವುದಿಲ್ಲ ಎಂದು. ನಾಲ್ವರೂ ಶಾಕಾಹಾರಿಗಳು. ಆ ಮಾತನ್ನು ಅಲ್ಲೇ ಬಿಟ್ಟು ಬಂದರು. ಶೇಂಗಾ ಹಿಂಡಿ ಹಾಕಿದರು, ಸಗಣಿ ಹಾಕಿದರು, ಪ್ರತಿ ವರ್ಷ ಗುಡ್ಡದ ಗಾಳಿಯನ್ನು ಬೈದರು. ಮಾವ ಮಾತ್ರ ಆ ರೈತನ ಮಾತನ್ನು ನಗುತ್ತ ಅತ್ತೆಗೆ ಹೇಳಿದ್ದರಂತೆ. ಅತ್ತೆ ನಕ್ಕಿರಲಿಲ್ಲ, ನೆನಪಿಟ್ಟುಕೊಂಡಿದ್ದಳು.

ಡೋಣಿಯ ಹೊರಗಿನ ಕೇರಿಯಲ್ಲಿ ಒಬ್ಬ ಅಜ್ಜನಿದ್ದ. ಗುಡ್ಡದಲ್ಲಿ, ಹೊಲಗಳಲ್ಲಿ ಸತ್ತ ದನಗಳ ಎಲುಬನ್ನು ಆಯ್ದು, ಬಿಸಿಲಿಗೆ ಒಣಗಿಸಿ, ಬಂಡಿಯಲ್ಲಿ ಗದಗ ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದ. ಅಲ್ಲಿಂದ ಅದು ಗೂಡ್ಸ್ ಗಾಡಿಯಲ್ಲಿ ಎಲ್ಲಿಗೋ ಹೋಗುತ್ತಿತ್ತು. ಏಕೀಕರಣಕ್ಕೆ ಇನ್ನೂ ಒಂದೆರಡು ವರ್ಷವಿರುವಾಗ ಅತ್ತೆ ಅವನ ಬಂಡಿಯನ್ನು ಹಾದಿಯಲ್ಲಿ ನಿಲ್ಲಿಸಿ ತೋಟಕ್ಕೆ ತಿರುಗಿಸಿದಳು. ಅಜ್ಜ ಬೇಲಿಯ ಹೊರಗೆ ಬಂಡಿ ಬಿಟ್ಟು ದೂರ ನಿಂತ. ಅತ್ತೆ ಅವನನ್ನು ಒಳಗೆ ಕರೆದಳು. ಆಳುಗಳು ಎಲುಬು ಮುಟ್ಟುವುದಿಲ್ಲವೆಂದು ಕೈಕಟ್ಟಿ ನಿಂತರು. ಅತ್ತೆ ಸೆರಗು ಸಿಕ್ಕಿಸಿ, ಅಜ್ಜ ಕುಟ್ಟಿಕೊಟ್ಟ ಎಲುಬನ್ನು ಬುಟ್ಟಿಯಲ್ಲಿ ಹೊತ್ತು, ಬಳ್ಳಿ ಬಳ್ಳಿಯ ಬುಡ ಅಗೆದು ಹಾಕಿದಳು. ಕೊರಳಲ್ಲಿ ಲಿಂಗವಿತ್ತು. ಸಂಜೆ ಬಾವಿಯಲ್ಲಿ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡು, ಎಂದಿನಂತೆ ಲಿಂಗಪೂಜೆ ಮಾಡಿ ಉಂಡಳು.

ಆಳುಗಳ ಪೈಕಿ ಹಿರಿಯವಳೊಬ್ಬಳು ಅಳುಕುತ್ತ, "ಲಿಂಗಾ ಕಟ್ಟಿದವ್ರು ನೀವು, ಹಿಂಗ ಮಾಡಬೌದೇನ್ರಿ ಯವ್ವಾ?" ಎಂದು ಕೇಳಿದಳು.

"ಲಿಂಗಾ ಕಟ್ಟಿದಾಕಿ ನಾನು. ಅದಕ್ಕ ನಾ ತಿನ್ನಂಗಿಲ್ಲ. ಬಳ್ಳಿಗೆ ಯಾರರ ಲಿಂಗಾ ಕಟ್ಟ್ಯಾರೇನು?"

ಮರುವರ್ಷ ಹಣ್ಣು ದಪ್ಪಗಾಯಿತು. ಹುಳಿ ಅರ್ಧ ಇಳಿಯಿತು. ಗೆಳೆಯರು ತಾಟಿನ ಸುತ್ತ ಕುಳಿತು ತಿಂದು, ಈ ಸಲ ಮಳೆ ಚೆನ್ನಾಗಿತ್ತು ಎಂದು ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡು ಸಭೆಗೆ ಹೋದರು. ಏನು ಹಾಕಿದಿ ಎಂದು ಅತ್ತೆಯನ್ನು ಒಬ್ಬರೂ ಕೇಳಲಿಲ್ಲ.

ನಾಡು ಒಂದಾಯಿತು. ಆ ದಿನ ಗದಗಿನಲ್ಲಿ ಅಪ್ಪ ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮರುವರ್ಷದ ಬೇಸಿಗೆಯ ಆರಂಭಕ್ಕೆ ತೋಟ ಹಣ್ಣಿಗೆ ಬಂತು. ಅಂಥ ಹಣ್ಣನ್ನು ಆ ಗುಡ್ಡ ಹಿಂದೆ ಕಂಡಿರಲಿಲ್ಲ, ಮುಂದೆ ಕಾಣಲಿಲ್ಲ. ಹಂದರ ಭಾರಕ್ಕೆ ಬಗ್ಗಿತ್ತು. ಬೆಳಗಿನ ಬಿಸಿಲು ಬಿದ್ದರೆ ಕಾಳಿನೊಳಗಿನ ಬೀಜ ಕಾಣುತ್ತಿತ್ತು. ನಾನಾಗ ಮೆಟ್ರಿಕ್ ಮುಗಿಸಿ, ಮದುವೆಗೆ ಹುಡುಗ ಸಿಗುವ ತನಕ ಮನೆಯಲ್ಲಿ ಇಟ್ಟ ಹುಡುಗಿ. ಹಬ್ಬಕ್ಕೆ ಅಡುಗೆಗೆ ಆಗುತ್ತೇನೆಂದು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು.

ಹಬ್ಬವೆಂದರೆ ಅವರೇ ಹುಟ್ಟಿಸಿದ ಹಬ್ಬ. ಗೆಳೆಯರ ತಾಟನ್ನು ಈ ಸಲ ಮಂದಿಯ ಮುಂದೆ ಇಡಬೇಕೆಂದು ಸಾಹುಕಾರರ ಆಸೆ. ಚುನಾವಣೆಯ ಗಾಳಿ ಬೀಸುತ್ತಿತ್ತು, ಅವರಿಗೂ ಮನಸ್ಸಿನಲ್ಲಿ ಏನೋ ಇತ್ತು. ಗದಗ, ಬೆಟಗೇರಿ, ಶಿರಹಟ್ಟಿಯಿಂದ ದೊಡ್ಡವರು ಬಂದಿದ್ದರು. ಹಂದರದ ಕೆಳಗೆ ಜಮಖಾನೆ ಹಾಸಿ, ನಡುವೆ ಆ ಸೊಟ್ಟ ತಗಡಿನ ತಾಟನ್ನು ಇಟ್ಟು, ಅಪ್ಪ ಮಾತಾಡಿದರು. ಕೂಡಿ ಉಣ್ಣದವರು ಕೂಡಿ ಬಾಳಲಾರರು, ಈ ತಾಟೇ ನಮ್ಮ ಏಕೀಕರಣ, ಇದರಲ್ಲಿ ಮೇಲಿಲ್ಲ ಕೀಳಿಲ್ಲ ಎಂದರು. ಅಪ್ಪನ ದನಿ ಚೆನ್ನಾಗಿತ್ತು. ನನಗೆ ಮೈ ನವಿರೆದ್ದಿತು.

ಅತ್ತೆ ತನ್ನ ಕಡೆಯಿಂದ ಒಬ್ಬನನ್ನೇ ಕರೆದಿದ್ದಳು. ಎಲುಬಿನ ಅಜ್ಜ ತೊಳೆದ ಅಂಗಿ, ಹೊಸ ರುಮಾಲು ಸುತ್ತಿಕೊಂಡು ಬಂದು ಅವಳ ಪಕ್ಕದಲ್ಲಿ, ಜಮಖಾನೆಯ ಅಂಚಿಗೆ ಕುಳಿತಿದ್ದ. ಮೂವರು ಗೆಳೆಯರೂ ಅತ್ತೆಯೂ ತಾಟಿಗೆ ಕೈ ಹಾಕಿದರು. ಒಂದೊಂದು ಹಣ್ಣು ಕೈಗೆ ಬಂದಿತ್ತು, ಬಾಯಿಗೆ ಹೋಗಿರಲಿಲ್ಲ. ಆಗ ಶಿರಹಟ್ಟಿಯಿಂದ ಬಂದ ಅತಿಥಿಯೊಬ್ಬರು ಅಜ್ಜನನ್ನು ನೋಡಿ ಸೌಜನ್ಯಕ್ಕೆ ಕೇಳಿದರು.

"ನೀವು ಇಲ್ಲಿ ಏನ್ ಕೆಲಸಾ ಮಾಡ್ತೀರಿ ಹಿರ್ಯಾರ?"

ಅಜ್ಜ ಎದೆ ಉಬ್ಬಿಸಿ ಹೇಳಿದ. "ಈ ಬಳ್ಳಿಗೆ ಎಲುಬು ಕುಟ್ಟಿ ಹಾಕಿದವ ನಾನ ರೀ. ನಾ ಕುಟ್ಟಿದೆ, ಅಕ್ಕಾರು ಹೊತ್ತು ಹಾಕಿದ್ರು. ನೋಡ್ರಿ, ಹೆಂಗ ಬಂದಾವ ಹಣ್ಣು."

ಅವನು ಹೊಗಳಿಕೆಗೆ ಕಾಯುತ್ತ ಎಲ್ಲರ ಮುಖ ನೋಡಿದ.  ಮಾಸ್ತರರು ಎದ್ದು ತೋಟದ ಗುಡಿಸಲ ಹಿಂದೆ ಹೋಗಿ ಬಾಯಿ ತೊಳೆದುಕೊಂಡರು, ಬಾಯಿಗೆ ಏನೂ ಹಾಕಿರಲಿಲ್ಲ, ಆದರೂ ತೊಳೆದುಕೊಂಡರು. ಸಾಹುಕಾರರು ಕೈಯಲ್ಲಿದ್ದುದನ್ನು ಜಮಖಾನೆಯ ಕೆಳಗೆ ತೂರಿಸಿದರು. ಅಪ್ಪ ಆಗಷ್ಟೇ ಭಾಷಣ ಮಾಡಿದ ಬಾಯನ್ನು ಮುಚ್ಚಿ, ತಮ್ಮ ಹಣ್ಣನ್ನು ಮೆಲ್ಲಗೆ ತಾಟಿನಲ್ಲಿ ವಾಪಸು ಇಟ್ಟರು. ಅಪ್ಪನ ಆ ಕೈ ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದಂತಿದೆ.

ಅತ್ತೆಯ ಉಗುರು ಟಿಕ್ ಟಿಕ್ ಎಂದಿತು.

"ಹೋದ ವರ್ಷ ತಿಂದು ಚಲೋ ಅದಾವ ಅಂದ್ರಲ್ಲಾ, ಅವೂ ಎಲುಬಿನವ" ಎಂದಳು. ಗುಡಿಸಲ ಹಿಂದಿನಿಂದ ಮಾಸ್ತರರು ಮತ್ತೆ ಬಾಯಿ ಮುಕ್ಕಳಿಸುವ ಸಪ್ಪಳ ಕೇಳಿಸಿತು.

"ನಮಗ ಒಂದ ಮಾತು ಹೇಳಬೇಕಿತ್ತಲ್ಲ ಅಕ್ಕಾ" ಎಂದರು ಅಪ್ಪ.

"ಕೇಳಿದ್ರ ಹೇಳತಿದ್ದೆ. ಚಾಟಣಿಗೆ ಬಂದಿದ್ರ ಕಣ್ಣಿಗೇ ಬೀಳತಿತ್ತು."

"ಹಂಗಲ್ಲ ಅಕ್ಕಾ. ಎಲುಬು ಅಂದ್ರ…"

"ಈ ಬಾವಿ ನೀರು ಎತ್ತೋ ಕಪಲಿ ಚೀಲಾ ಯಾತರದ್ದೋ ತಮ್ಮಾ? ತೊಗಲಿಂದು. ಹತ್ತು ವರ್ಷಾತು, ತೊಗಲಾಗ ಎತ್ತಿದ ನೀರು ಕುಡದ ಬಳ್ಳಿದ ಹಣ್ಣು ತಿಂದಿ. ಅದು ನಡೀತು. ಎಲುಬು ನಡ್ಯಂಗಿಲ್ಲ." ಅವಳು ಅಜ್ಜನ ಕಡೆ ಕೈ ಮಾಡಿದಳು. "ಖರೆ ಹೇಳ್ರಿ, ಎಲುಬಿಗೆ ಹಿಂದ ಸರದ್ರೋ, ಈ ಮನಷ್ಯಾಗ ಹಿಂದ ಸರದ್ರೋ?"

ಅಜ್ಜ ಎದ್ದು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತಪ್ಪು ತನ್ನದೇ ಎಂಬಂತೆ ಬೇಲಿಯ ಕಡೆ ನಡೆದ. ಅತಿಥಿಗಳು ಮೋಟಾರು ಹತ್ತುವ ಅವಸರದಲ್ಲಿದ್ದರು. ಸಾಹುಕಾರರು ಅತ್ತೆಯ ಹತ್ತಿರ ಬಂದು, ವ್ಯಾಪಾರದ ಮೆತ್ತನೆಯ ದನಿಯಲ್ಲಿ ಹೇಳಿದರು.

"ಆದದ್ದು ಆತು ಅಕ್ಕಾರ. ಈ ವರ್ಷ ತಾಟಿನ ಶಾಸ್ತ್ರಾ ಬಿಡೂಣು. ಬುಟ್ಟಿ ತುಂಬಸ್ರಿ, ಹುಬ್ಬಳ್ಳಿ ಪ್ಯಾಟಿಗೆ ಕಳಸೂಣು. ಬೆಂಗಳೂರಿಗೂ ಒಂದ ಬುಟ್ಟಿ ಕಳಸೂಣು, ದೊಡ್ಡವರಿಗೆ."

"ನಿಮಗ ಹೇಸಿಗಿ ಆದದ್ದು ಹುಬ್ಬಳ್ಳಿಯವರಿಗೆ, ಬೆಂಗಳೂರಿನವರಿಗೆ ನಡೀತೈತೇನ್ರಿ?"

"ಅವರಿಗೇನ್ ಗೊತ್ತಾಗತೈತಿ."

ಅವರಿಗೇನ್ ಗೊತ್ತಾಗತೈತಿ. ಆ ಮಾತನ್ನು ಕೇಳಿ ಅಪ್ಪ ಸುಮ್ಮನಿದ್ದರು. ನನಗೆ ಜೀವಮಾನದ ಸಿಟ್ಟು ಹತ್ತಿದ್ದು ಅಲ್ಲಿ. ಎಲುಬು ಹೇಸಿಗೆಯಾದರೆ ಹೇಸಿಗೆಯೆನ್ನಲಿ, ತಿನ್ನದೆ ಇರಲಿ, ಮನೆತನದಿಂದ ಬಂದ ನೇಮ ಒಂದೇ ದಿನಕ್ಕೆ ಬಿಡುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ. ಆದರೆ ತಮ್ಮ ಬಾಯಿಗೆ ಬೇಡವಾದುದನ್ನು, ಹೇಳದೆ, ಈಗಷ್ಟೇ ಒಂದಾದ ನಾಡಿನ ಬಾಯಿಗೆ ಇಡಲು ಹೊರಟರಲ್ಲ. ಇದಕ್ಕೆ ಜೈಲಿನ ತಾಟು ಬೇರೆ ಸಾಕ್ಷಿಗೆ.

ಅತ್ತೆ ತನ್ನ ಕೈಯ ಹಣ್ಣನ್ನೂ ತಾಟಿಗೆ ಹಾಕಿ, ಅದನ್ನು ಎತ್ತಿ ಗುಡಿಸಲ ಒಳಗೆ ಇಟ್ಟಳು. ಎಲ್ಲರೂ ಹೊರಗೆ ಹೋಗುವ ತನಕ ಕಾದು, ಬೇಲಿಯ ಬಾಯಿಗೆ ಮುಳ್ಳಿನ ಕಂಟಿ ಎಳೆದಳು.

"ನಾಲ್ಕೂ ಮಂದಿ ತಿನ್ನೂತನಕ ಒಂದ ಹಣ್ಣು ಬೇಲಿ ದಾಟಂಗಿಲ್ಲ. ಕಟ್ಟಳೆ ನಂದಲ್ಲ, ನಿಮ್ದು" ಎಂದಳು.

ನಾನು ಒಳಗೇ ಉಳಿದೆ. ಅಪ್ಪ ಕರೆದರು, ಹೋಗಲಿಲ್ಲ. ಯಾರೂ ನನ್ನನ್ನು ಉಳಿಯೆಂದಿರಲಿಲ್ಲ.

ಮರುದಿನ ಸಾಹುಕಾರರ ಬಂಡಿಗಳು ಬಂದವು, ಬುಟ್ಟಿಗಳೂ ಬಂದವು. ಅತ್ತೆ ಕಂಟಿಯ ಹಿಂದೆ ಕಂಬಳಿ ಹಾಸಿ ಕುಳಿತು ಚಿಗುರು ಚಿವುಟುತ್ತಿದ್ದಳು. ಬಂಡಿಯವರು ಅವಳ ಮುಖ ನೋಡಿ ಎತ್ತು ತಿರುಗಿಸಿದರು. ನಾನು ಹೆದರಿ ಕೇಳಿದೆ, ಇಷ್ಟು ಹಣ್ಣು ಏನು ಮಾಡುವುದು ಎಂದು. ಅವಳು ಅದನ್ನೂ ಯೋಚಿಸಿದ್ದಳು. ಬೇಲಿ ದಾಟಬಾರದು ಎಂದಷ್ಟೇ ಕಟ್ಟಳೆ, ಬೇಲಿಯ ಒಳಗೆ ಯಾರು ತಿನ್ನಬಾರದೆಂದು ಕಟ್ಟಳೆಯಿಲ್ಲ. ನನ್ನನ್ನು ಕೇರಿಗೆ ಕಳಿಸಿ ಅಜ್ಜನನ್ನು ಕರೆಸಿದಳು. ಅವನು ಬರಲೊಲ್ಲೆ ಎಂದ, ಹಬ್ಬ ಕೆಡಿಸಿದವ ನಾನು ಎಂದ.

"ಹಬ್ಬಾ ಕೆಡಿಸಿದವ್ರು ಮೋಟಾರದಾಗ ಹೋದ್ರು. ನೀ ಬಾ ಅಂತ ಅಕ್ಕಾ ಹೇಳ್ಯಾಳ ಅಂತ ಹೇಳು" ಎಂದು ಅತ್ತೆ ನನ್ನನ್ನು ಮತ್ತೆ ಅಟ್ಟಿದಳು.

ಅಜ್ಜ ಬಂದ, ಅವನ ಮನೆಯವರು ಬಂದರು, ಕೇರಿಯೇ ಬಂತು. ಕೈಕಟ್ಟಿ ನಿಂತಿದ್ದ ಆಳುಗಳೂ ಒಬ್ಬೊಬ್ಬರಾಗಿ ಬಂದರು. ಬೇಲಿಯ ಒಳಗೆ ಕುಳಿತು ತಿಂದರು, ಬೀಜ ಅಲ್ಲೇ ಉಗುಳಿದರು, ಕೈ ಕೊಡವಿ ಬರಿಗೈಯಲ್ಲಿ ಹೋದರು. ನಾನೂ ತಿಂದೆ. ಎಂಥ ಸಿಹಿ ಎಂದು ಬರೆಯಲು ಹೋದರೆ ಬರುವುದಿಲ್ಲ. ಅತ್ತೆ ಮಾತ್ರ ಒಂದೂ ತಿನ್ನಲಿಲ್ಲ. ಅವಳ ಪಾಲಿನ ಮೊದಲ ಹಣ್ಣು ತಾಟಿನಲ್ಲಿತ್ತು, ಆ ತಾಟಿಗೆ ಮೂವರು ಬರಬೇಕಿತ್ತು. ವರ್ಷಗಟ್ಟಲೆ ಹುಳಿ ತಿಂದು ಚಲೋ ಅದಾವ ಎಂದ ಹೆಂಗಸು, ಬಳ್ಳಿ ಸಿಹಿಯಾದ ವರ್ಷ ರುಚಿ ನೋಡದೆ ಕುಳಿತಳು. ನಾನು ಬೇಡಿಕೊಂಡೆ. "ನಾನೂ ಕಟ್ಟಳಿ ಮುರದ್ರ ಅವರಿಗೂ ನನಗೂ ಏನ್ ಫರಕು ಉಳೀತು?" ಎಂದಳು. ಆಮೇಲೆ ಮುಖ ತಿರುಗಿಸಿಕೊಂಡಳು.

ಅಪ್ಪ ಒಂದು ಸಲ ಬಂದರು. ಆಗಲೇ ಗೊಂಚಲುಗಳು ಬಳ್ಳಿಯಲ್ಲೇ ಬಾಡತೊಡಗಿದ್ದವು, ಗಿಳಿಗಳು ಮುತ್ತಿದ್ದವು. ಕಂಟಿಯ ಆಚೆ ನಿಂತು ಅಪ್ಪ ಅಂದರು. "ಹಟಾ ಸಾಕು ಅಕ್ಕಾ. ಬೆಳಿ ಹಾಳಾಗಾಕ ಹತ್ತೈತಿ."

"ತಾಟು ಒಳಗೈತಿ. ಬಾ, ತಿನ್ನು."

"ನನ್ನ ಮನಸ್ಸು ಒಪ್ಪವಲ್ದು."

"ಹಂಗಾರ ಮಾರಬ್ಯಾಡ. ಇಲ್ಲಾ ಬುಟ್ಟಿ ಮ್ಯಾಲೆ ಬರದು ಮಾರು, ಇವು ಎಲುಬು ಹಾಕಿ ಬೆಳದವು, ನಾವು ತಿನ್ನಂಗಿಲ್ಲ ಅಂತ. ಕೊಳ್ಳಾವ್ರು ಕೊಳ್ಳಲಿ."

  ಅಪ್ಪ ಕಂಟಿಯ ಮೇಲಿಂದ ನನ್ನ ಕಡೆ ನೋಡಿ, "ಹುಡುಗೀನ್ನರ ಕಳಸು" ಎಂದರು.

"ಕಳಸ್ತೇನಿ. ಧಾರವಾಡಕ್ಕ ಕಳಸ್ತೇನಿ, ಮಾಸ್ತರ್ತಿ ಕಲಿಯಾಕ. ನೀ ಫೀ ತುಂಬು. ಇದರಾಗರ ಮನಸ್ಸು ಒಪ್ಪತೈತೋ ಇಲ್ಲೋ?"

ಅಪ್ಪ ಗೋಣು ಹಾಕಿದರು. ತಾಟಿಗೆ ಬರುವುದಕ್ಕಿಂತ ಅದು ಅವರಿಗೆ ಸುಲಭವಾಗಿತ್ತು. ನನ್ನ ಓದು, ನನ್ನ ನೌಕರಿ, ಯಾರ ಮುಂದೂ ಕೈ ಒಡ್ಡದೆ ಕಳೆದ ನನ್ನ ಬದುಕು, ಎಲ್ಲವೂ ಆ ಕಂಟಿಯ ಎರಡು ಬದಿಯಲ್ಲಿ ನಿಂತು ಅಕ್ಕ ತಮ್ಮ ಆಡಿದ ನಾಲ್ಕು ಮಾತಿನಲ್ಲಿ ತೀರ್ಮಾನವಾಯಿತು.

ಆ ವರ್ಷದ ಮಿಕ್ಕ ಹಣ್ಣು ಬಳ್ಳಿಯಲ್ಲೇ ಒಣಗಿ ಉದುರಿತು. ಗೆಳೆಯರು ಜಗಳ ಮಾಡಲಿಲ್ಲ, ಅವರು ಮರ್ಯಾದಸ್ಥರು. ಕಪಲಿ ಹೊಡೆಯಲು ತೋಟಕ್ಕೆ ಕೊಟ್ಟಿದ್ದ ತಮ್ಮ ತಮ್ಮ ಎತ್ತುಗಳನ್ನು ಹೊಡೆಸಿಕೊಂಡು ಹೋದರು, ಅಷ್ಟೇ. ಎತ್ತಿಲ್ಲದೆ ಕಪಲಿ ನಿಂತಿತು, ಕಪಲಿ ನಿಂತ ಮೇಲೆ ನೀರು ಬಾವಿಯ ತಳದಲ್ಲೇ ಉಳಿಯಿತು. ಅತ್ತೆ ಕೊಡದಲ್ಲಿ ಹೊತ್ತು ಹಾಕಿ ಬಾವಿಯ ದಂಡೆಯ ಕೆಲವು ಬಳ್ಳಿಗಳನ್ನು ಇನ್ನಷ್ಟು ಕಾಲ ಉಳಿಸಿಕೊಂಡಳು. ಪ್ರತಿ ಹಣ್ಣಿಗೆ ಗದಗಿಗೆ ಹೇಳಿ ಕಳಿಸುತ್ತಿದ್ದಳು, ತಾಟು ಇಟ್ಟೇನಿ ಬರ್ರಿ ಎಂದು. ಯಾರೂ ಬರಲಿಲ್ಲ. ಕೊನೆಯ ಬಳ್ಳಿ ಒಣಗಿದ ವರ್ಷ ಅವಳು ಹೇಳಿ ಕಳಿಸಲಿಲ್ಲ. ಅವಳ ಉಗುರು ಮಾತ್ರ ಸೀಳಿದ್ದು ಸೀಳಿದಂತೆಯೇ ಇತ್ತು.

ಅಪ್ಪ ಮುಂದೆ ಎಷ್ಟೋ ವೇದಿಕೆಗಳಲ್ಲಿ ಗೆಳೆಯರ ತೋಟದ ಕಥೆ ಹೇಳಿದರು. ಜೈಲು, ತಾಟು, ನಾಸಿಕದ ಕಡ್ಡಿ, ಎಲ್ಲವನ್ನೂ ಹೇಳಿದರು. ಕೊನೆಗೆ ದನಿ ಇಳಿಸಿ, ಕಪ್ಪತಗುಡ್ಡದ ಗಾಳಿಗೆ ತೋಟ ಉಳಿಯಲಿಲ್ಲ ಎನ್ನುತ್ತಿದ್ದರು. ಮಂದಿ ಮರುಗುತ್ತಿದ್ದರು. ಒಮ್ಮೆ ಶಿರಹಟ್ಟಿಯ ನಮ್ಮ ಶಾಲೆಗೇ ಅವರನ್ನು ಭಾಷಣಕ್ಕೆ ಕರೆಸಿದ್ದರು. ನಾನು ಮುಖ್ಯೋಪಾಧ್ಯಾಯಿನಿ, ವೇದಿಕೆಯ ಮೇಲೆ ಪಕ್ಕದಲ್ಲೇ ಕುಳಿತಿದ್ದೆ. ಗಾಳಿಯ ಮಾತು ಬಂದಾಗ ಅವರು ನನ್ನ ಕಡೆ ನೋಡಲಿಲ್ಲ. ವಂದನೆ ಹೇಳಲು ನಾನು ಎದ್ದು, ತೋಟವನ್ನು ಕೆಡಿಸಿದ್ದು ಗಾಳಿಯಲ್ಲ, ಅದನ್ನು ಕಂಡವಳು ನಾನು ಎಂದು ಮಕ್ಕಳಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅಪ್ಪ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅತ್ತೆಗೆ ಈ ಸುದ್ದಿ ಮುಟ್ಟಿದಾಗ, "ಸಿಟ್ಟು ಬಂದ್ರ ನಿಂತು ಆಡಬೇಕು, ಕುಂತು ಗೊಣಗಬಾರದು. ಚಲೋ ಮಾಡಿದಿ" ಎಂದಳಂತೆ. ನನ್ನ ನೌಕರಿಯಲ್ಲಿ ಬಂದ ಯಾವ ಶಾಲೂ ನನಗೆ ಅದರಷ್ಟು ಬೆಚ್ಚಗಿರಲಿಲ್ಲ.

ಅತ್ತೆ ಡೋಣಿಯಲ್ಲೇ ತೀರಿಕೊಂಡಳು. ಮಾವನ ಮಗ್ಗುಲಲ್ಲಿ ಮಣ್ಣು ಮಾಡಿದೆವು. ಅಷ್ಟರಲ್ಲಿ ಮಾಸ್ತರರೂ ಇರಲಿಲ್ಲ, ಎಲುಬಿನ ಅಜ್ಜನೂ ಇರಲಿಲ್ಲ. ಅಜ್ಜನ ಮೊಮ್ಮಗ ಬಂದು ಕುಣಿ ತೋಡಲು ಹಾರೆ ಹಿಡಿದ. ಮರುದಿನ ಅಪ್ಪ ಮತ್ತು ಸಾಹುಕಾರರು ಪಡಸಾಲೆಯಲ್ಲಿ ಕುಳಿತು ಅವಳನ್ನು ಹೊಗಳುತ್ತಿದ್ದರು. ತ್ಯಾಗಮಯಿ, ಅಂಥ ಹೆಣ್ಣುಮಗಳು ಇನ್ನು ಹುಟ್ಟುವುದಿಲ್ಲ ಎಂದೆಲ್ಲ. ಅಪ್ಪನ ಹಲ್ಲು ಹೋಗಿದ್ದವು. ಮೆತ್ತನೆಯ ಹಣ್ಣು ತಿನ್ನಿ ಎಂದು ಡಾಕ್ಟರು ಹೇಳಿದ್ದರಿಂದ ಅವರು ದಿನಾ ಪೇಟೆಯ ದ್ರಾಕ್ಷಿ ತಿನ್ನುತ್ತಿದ್ದರು, ವರ್ಷಗಳಿಂದ. ಅಂದೂ ಗದಗಿನಿಂದ ತರಿಸಿದ್ದರು.

ನಾನು ಒಳಗೆ ಹೋಗಿ ಅತ್ತೆಯ ಪೆಟ್ಟಿಗೆಯಿಂದ ತಗಡಿನ ತಾಟನ್ನು ತೆಗೆದೆ. ಬೂದಿ ಹಚ್ಚಿ ತಿಕ್ಕಿ, ಆ ದ್ರಾಕ್ಷಿಯನ್ನು ತೊಳೆದು ಅದರಲ್ಲಿ ಹಾಕಿ, ತಂದು ಅವರ ನಡುವೆ ಇಟ್ಟೆ. ಅತ್ತೆಯ ಜಾಗದಲ್ಲಿ ನಾನು ಕುಳಿತೆ. ಸಾಹುಕಾರರಿಗೆ ಕಣ್ಣು ಮಂಜಾಗಿತ್ತು, ತಾಟು ಗುರುತಾಗಲಿಲ್ಲ. ಎರಡು ಹಣ್ಣು ಬಾಯಿಗೆ ಹಾಕಿಕೊಂಡು, "ಸಿಹಿ ಅದಾವ" ಎಂದರು. ಅಪ್ಪ ಒಂದನ್ನು ಎತ್ತಿಕೊಂಡರು. ಆಗ ತಾಟಿನ ಸೊಟ್ಟ ಅಂಚು ಅವರಿಗೆ ಕಂಡಿತು.

"ಯಾವ ತ್ವಾಟದ್ದವ್ವಾ ಇವು?"

"ಪ್ಯಾಟ್ಯಾಗಿನವ್ರಿ. ನೀವು ದಿನಾ ತಿಂತೀರಲ್ಲ, ಅವ."

"ಅಲ್ಲಿ ಬುಡಕ್ಕ ಏನ್ ಹಾಕಿರ್ತಾರೋ…" ಎಂದರು ಅಪ್ಪ.

"ನಮಗೇನ್ ಗೊತ್ತಾಗತೈತ್ರಿ ಅಪ್ಪಾ" ಎಂದೆ.

ಸಾಹುಕಾರರ ದವಡೆ ನಿಂತಿತು. ಅಪ್ಪ ಆ ಹಣ್ಣನ್ನು ಬಾಯಿಗೂ ಹಾಕಿಕೊಳ್ಳಲಿಲ್ಲ, ತಾಟಿಗೂ ವಾಪಸು ಇಡಲಿಲ್ಲ. ಕೈಯಲ್ಲೇ ಹಿಡಿದು ಕುಳಿತರು. ನಾನು ಏಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಡಸಾಲೆಯಲ್ಲಿ ಟಿಕ್ ಟಿಕ್ ಎಂಬ ಸಪ್ಪಳ ಕೇಳಿಸುತ್ತಿತ್ತು. ಅದು ನನ್ನ ಹೆಬ್ಬೆರಳಿನದೆಂದು ನನಗೆ ತಿಳಿದದ್ದು ಅಪ್ಪ ಬೆಚ್ಚಿ ನನ್ನ ಕೈ ನೋಡಿದಾಗ.